ಸಿಂಗಲ್ ಪೀಸ್ ಶಾಫ್ಟ್ ಹಾಕಿಸ್ಲಾ ಅಂತ ಕೇಳಿದವರಿಗೆ

ಭಾಗ 1

ಕಳೆದ ವಾರ ಸ್ಟೋರಿಗೆ ಹಾಕಿದ ಫೋಟೋ ನೆನಪಿದೆ ಅಲ್ವಾ? ಸ್ಟ್ಯಾಂಡ್ ಮೇಲೆ ನಿಂತ ಮಸ್ಟಾಂಗ್, ಅದರ ಹೊಟ್ಟೆ ಕೆಳಗೆ ಬೆಳ್ಳಗೆ ಹೊಳೀತಾ ಇರೋ ಒಂದು ಅಲ್ಯೂಮಿನಿಯಂ ಪೈಪು. ಅದಕ್ಕೆ ಬಂದಷ್ಟು ಮೆಸೇಜು ನನ್ನ ಗ್ರ್ಯಾಜುಯೇಶನ್ ಫೋಟೋಗೂ ಬಂದಿರಲಿಲ್ಲ. ಮುಕ್ಕಾಲು ಪಾಲು ಜನ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹಾರ್ಸ್‌ಪವರ್ ಜಾಸ್ತಿ ಆಯ್ತು?"

ಒಂದು ಮೆಸೇಜ್ ಮಾತ್ರ ಬೇರೆ ಥರ ಇತ್ತು. ನಮ್ಮ ಕಾಲೇಜಿನ ಜೂನಿಯರ್, ಹೆಸರು ಬೇಡ. "ಅಕ್ಕಾ, ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 3 ಸೀರೀಸ್ ತಗೊಂಡಿದ್ದೀನಿ. ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಹೋಗಿದೆ. ಲೇತ್‌ನವರು ಎರಡು ಪೀಸ್ ಬೇಡ, ಒಂದೇ ಪೈಪ್ ಹಾಕಿ ವೆಲ್ಡ್ ಮಾಡಿ ಕೊಡ್ತೀನಿ, ಬೇರಿಂಗ್ ತಲೆನೋವೇ ಇರಲ್ಲ, ಪಿಕಪ್ಪೂ ಜಾಸ್ತಿ ಆಗುತ್ತೆ ಅಂತಿದ್ದಾರೆ. 15 ಸಾವಿರ. ಹಾಕಿಸ್ಲಾ? ನಿಮ್ಮದೂ ಸಿಂಗಲ್ ಪೀಸೇ ಅಲ್ವಾ?"

ಆ ಕೊನೇ ಸಾಲು ನೋಡಿ ನನಗೆ ನಿದ್ದೆ ಬರಲಿಲ್ಲ ಕಣ್ರೋ. ಹೌದು, ನನ್ನದೂ ಸಿಂಗಲ್ ಪೀಸೇ. ನನ್ನ ಫೋಟೋ ನೋಡಿ ಅವನು ಅಲ್ಲಿ ಪೈಪ್ ಕುಯ್ಯೋಕೆ ಹೊರಟಿದ್ದಾನೆ. ಹಾಗಾಗಿ ಇವತ್ತಿಂದ ಮೂರು ದಿನ ಈ ಸೀರೀಸ್. ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಗುರ ಶಾಫ್ಟ್ ಒಳ್ಳೇದೇ, ನಾನು ಹಾಕಿಸಿದ್ದಕ್ಕೆ ಬೇಜಾರಿಲ್ಲ. ಆದರೆ ಅದನ್ನ ಪವರ್‌ಗೆ ಅಂತ ಮಾರುವವರು ಸುಳ್ಳು ಹೇಳ್ತಿದ್ದಾರೆ. ಅಲ್ಲಲ್ಲೇ ಅಳತೆ ಹಿಡಿದು ಮಾಡಿಕೊಡ್ತೀನಿ ಅನ್ನೋರು ನಿಮ್ಮ ಜೀವದ ಜೊತೆ ಆಟ ಆಡ್ತಿದ್ದಾರೆ.

ಭಾಗ 2

ಮೊದಲು ಹೆಸರಿನ ಗೊಂದಲ ಮುಗಿಸೋಣ. ನಮ್ಮ ಸಿಲಬಸ್‌ನಲ್ಲಿ ಇದು ಪ್ರೊಪೆಲ್ಲರ್ ಶಾಫ್ಟ್. ಅಮೆರಿಕದಲ್ಲಿ ಡ್ರೈವ್‌ಶಾಫ್ಟ್. ನಮ್ಮೂರ ಗ್ಯಾರೇಜಿನಲ್ಲಿ ಡ್ರೈವ್ ಶಾಫ್ಟ್ ಅಂದ್ರೆ ಸ್ವಿಫ್ಟ್, ಪೋಲೋ ಥರದ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಹೋಗೋ ಎರಡು ಗಿಡ್ಡ ರಾಡು. ನಾನು ಹೇಳ್ತಿರೋದು ಅದಲ್ಲ. ಎಂಜಿನ್ ಮುಂದೆ, ಓಡಿಸೋ ಚಕ್ರ ಹಿಂದೆ ಇರೋ ಗಾಡಿಯಲ್ಲಿ, ಗೇರ್‌ಬಾಕ್ಸಿನ ಬಾಲದಿಂದ ಹಿಂದಿನ ಡಿಫರೆನ್ಶಿಯಲ್‌ವರೆಗೆ ಹೋಗೋ ಉದ್ದನೆ ಪೈಪು. ಬೊಲೇರೋ ಕೆಳಗೆ ಬಗ್ಗಿ ನೋಡಿದರೆ ಕಾಣುತ್ತಲ್ಲ, ಅದು.

ಪೋಲೋ ಇಟ್ಕೊಂಡು ಮೆಸೇಜ್ ಮಾಡಿದ ಆರು ಜನರಿಗೆ: ನಿಮ್ಮ ಕಾರಲ್ಲಿ ಈ ಭಾಗವೇ ಇಲ್ಲ. ದುಡ್ಡು ಉಳೀತು, ಟಯರ್ ಹಾಕಿಸ್ಕೊಳ್ಳಿ.

ಉದ್ದ ಕಮ್ಮಿ ಇರೋ ಗಾಡಿಗಳಲ್ಲಿ ಈ ಶಾಫ್ಟ್ ಒಂದೇ ತುಂಡು. ಉದ್ದ ಜಾಸ್ತಿ ಆದಾಗ ಕಂಪನಿಯವರು ಅದನ್ನ ಎರಡು ತುಂಡು ಮಾಡಿ, ಮಧ್ಯೆ ರಬ್ಬರ್ ಒಳಗೆ ಕೂರಿಸಿದ ಒಂದು ಬೇರಿಂಗ್‌ನಿಂದ ಬಾಡಿಗೆ ತೂಗುಹಾಕ್ತಾರೆ. ಟೆಂಪೋ, ಲಾರಿ ಇರೋ ಮನೆಯವರಿಗೆ ಸೆಂಟರ್ ಬೇರಿಂಗ್ ಅಂದ್ರೆ ಚೆನ್ನಾಗಿ ಗೊತ್ತು. ಅದು ಹೋದಾಗ ನೆಲದ ಕೆಳಗಿಂದ ಗುಂಯ್ ಅನ್ನೋ ಸದ್ದು, ಗಾಡಿ ಎತ್ತುವಾಗ ಒಂದು ನಡುಕ.

ನನ್ನ ಕಾರು 2012ರ ಮಸ್ಟಾಂಗ್ ಜಿಟಿ. 5.0 ಲೀಟರ್ ವಿ8, 412 ಹಾರ್ಸ್‌ಪವರ್, 6 ಸ್ಪೀಡ್ ಮ್ಯಾನ್ಯುಯಲ್. ನಾನಿರೋ ಡಿಯರ್‌ಬಾರ್ನ್‌ನಿಂದ ಅದು ಹುಟ್ಟಿದ ಫ್ಲಾಟ್ ರಾಕ್ ಫ್ಯಾಕ್ಟರಿಗೆ ಅರ್ಧ ಗಂಟೆ ದಾರಿ. ರೂಮ್‌ಮೇಟ್ ಜೊತೆ ಪಾಲು ಹಾಕಿ ತಗೊಂಡ ಹಳೇ ಗಾಡಿ. ಯಾರೂ ನಾನು ಶ್ರೀಮಂತಳು ಅಂದ್ಕೋಬೇಡಿ, ಇಲ್ಲಿ ಈ ವಯಸ್ಸಿನ ಮಸ್ಟಾಂಗ್ ಬೀದಿಗೆ ನಾಲ್ಕು ಸಿಗುತ್ತೆ.

ಭಾಗ 3

ಯಾಕೆ ಹಾಕಿಸ್ದೆ ಅಂದ್ರೆ, ಚಳಿಗಾಲ. ಮಿಷಿಗನ್‌ನಲ್ಲಿ ಹಿಮ ಬಿದ್ದಾಗ ರಸ್ತೆಗೆ ಉಪ್ಪು ಸುರೀತಾರೆ. ಮಂಗಳೂರು ಕಡೆ ಸಮುದ್ರದ ಗಾಳಿಗೆ ಗಾಡಿ ಹೇಗೆ ತುಕ್ಕು ಹಿಡಿಯುತ್ತೋ ಅದರ ನಾಲ್ಕು ಪಟ್ಟು ಅಂದ್ಕೊಳ್ಳಿ. ನನ್ನ ಕಾರಿನ ಸೆಂಟರ್ ಬೇರಿಂಗ್ ಸದ್ದು ಮಾಡೋಕೆ ಶುರು ಮಾಡಿತು, ಅದರ ರಬ್ಬರ್ ಹರಿದಿತ್ತು. ಕಂಪನಿ ಶಾಫ್ಟ್ ಪೂರ್ತಿ ಹೊಸದು ತಗೊಂಡರೂ ದುಡ್ಡು ಕೈ ಬಿಡ್ತಿತ್ತು. ಅದಕ್ಕೆ ಒಂಚೂರು ಸೇರಿಸಿದರೆ, ಸುಮಾರು 800 ಡಾಲರಿಗೆ, ಇದೇ ಮಾಡೆಲ್‌ಗೆ ಅಂತ ಡಿಸೈನ್ ಮಾಡಿ ಬ್ಯಾಲೆನ್ಸ್ ಮಾಡಿದ ಅಲ್ಯೂಮಿನಿಯಂ ಸಿಂಗಲ್ ಪೀಸ್ ಸಿಗ್ತಿತ್ತು. ಹೇಗೂ ಬದಲಿಸಲೇಬೇಕು, ಒಳ್ಳೇದೇ ಹಾಕೋಣ ಅನ್ನಿಸ್ತು. ಜೊತೆಗೆ ನಿಜ ಹೇಳ್ಬೇಕು ಅಂದ್ರೆ, ಆಸೆ. ಫೋಟೋ ಚೆನ್ನಾಗಿ ಬರುತ್ತೆ ಅನ್ನೋದೂ ಇತ್ತು.

ಹಾಕೋ ಕೆಲಸ ಕಷ್ಟ ಇಲ್ಲ. ಮುಂದೆ ಬೋಲ್ಟ್, ಹಿಂದೆ ಬೋಲ್ಟ್, ಮಧ್ಯೆ ಬೇರಿಂಗಿನ ಬ್ರ್ಯಾಕೆಟ್. ಎಕ್ಸಾಸ್ಟ್ ಪೈಪ್ ಸ್ವಲ್ಪ ಇಳಿಸಬೇಕು. ಉಪ್ಪಿಗೆ ಅಂಟಿಕೊಂಡ ಬೋಲ್ಟ್ ಬಿಚ್ಚೋಕೇ ಒಂದು ಶನಿವಾರ ಹೋಯ್ತು. ಹಳೇದು ಎರಡು ಕೈಯಲ್ಲಿ ಎತ್ತಿದರೆ ಸುಮಾರು 17 ಕೆಜಿ, ಹೊಸದು 9 ಕೆಜಿ. ಎತ್ತಿ ಹಿಡಿದಾಗ ಆಗೋ ಖುಷಿ ಇದೆಯಲ್ಲ, ಅದೇ ಮೋಸ ಮಾಡೋದು. ಕೈಗೆ ಇಷ್ಟು ಹಗುರ ಅನಿಸಿದ್ದು ಕಾರಿಗೂ ಹಾಗೇ ಅನಿಸುತ್ತೆ ಅಂತ ತಲೆ ತೀರ್ಮಾನ ಮಾಡಿಬಿಡುತ್ತೆ.

ಭಾಗ 4

ಕಾರಿಗೆ ಏನು ಅನಿಸುತ್ತೆ ಅಂತ ಲೆಕ್ಕ ಹಾಕೋಣ. ಪೆನ್ನು ತಗೊಳ್ಳಿ. ಮೂರನೇ ಸೆಮಿಸ್ಟರ್ ಗಣಿತ ಕೂಡ ಬೇಡ, ಪಿಯುಸಿ ಫಿಸಿಕ್ಸ್ ಸಾಕು.

ತಿರುಗೋ ವಸ್ತುವಿನ ಜಡತ್ವ ಅಂದ್ರೆ ತೂಕವನ್ನ ತ್ರಿಜ್ಯದ ವರ್ಗದಿಂದ ಗುಣಿಸೋದು. ಹಳೇ ಸ್ಟೀಲ್ ಶಾಫ್ಟು: 17 ಕೆಜಿ, ಸರಾಸರಿ ತ್ರಿಜ್ಯ ಮೂರೂವರೆ ಸೆಂಟಿಮೀಟರ್ ಅಂತಿಟ್ಕೊಳ್ಳಿ. ಜಡತ್ವ 0.0208 ಬರುತ್ತೆ. ಹೊಸ ಅಲ್ಯೂಮಿನಿಯಂದು: 9 ಕೆಜಿ, ಆದರೆ ಪೈಪ್ ದಪ್ಪ, ತ್ರಿಜ್ಯ 4.4 ಸೆಂಟಿಮೀಟರ್. ಜಡತ್ವ 0.0174. ನೋಡಿದ್ರಾ? ತೂಕ ಹತ್ತಿರ ಹತ್ತಿರ ಅರ್ಧ ಆಯ್ತು, ಜಡತ್ವ ಆರರಲ್ಲಿ ಒಂದು ಪಾಲು ಮಾತ್ರ ಇಳೀತು. ದಪ್ಪ ಆಗಿದ್ದಕ್ಕೆ ದಂಡ.

ಈ ಜಡತ್ವ ಕಾರಿಗೆ ಎಷ್ಟು ಕೆಜಿ ಥರ ಅನಿಸುತ್ತೆ? ಡಿಫರೆನ್ಶಿಯಲ್ ರೇಶಿಯೋವನ್ನ ಟಯರ್ ತ್ರಿಜ್ಯದಿಂದ ಭಾಗಿಸಿ ವರ್ಗ ಮಾಡಿ ಗುಣಿಸಬೇಕು. ನನ್ನ ಕಾರಿನಲ್ಲಿ 3.73 ರೇಶಿಯೋ, ಟಯರ್ 34 ಸೆಂಟಿಮೀಟರ್. ವರ್ಗ ಮಾಡಿದರೆ ಸುಮಾರು 120. ಅಂದ್ರೆ ಹಳೇ ಶಾಫ್ಟ್ ತಿರುಗೋದರಿಂದ ಕಾರಿನ ಮೇಲೆ ಬೀಳ್ತಿದ್ದ ಹೆಚ್ಚುವರಿ ಭಾರ ಎರಡೂವರೆ ಕೆಜಿ. ಹೊಸದರಿಂದ ಎರಡು ಕೆಜಿ ಚಿಲ್ಲರೆ. ಉಳಿದದ್ದು ಅರ್ಧ ಕೆಜಿಗೂ ಕಮ್ಮಿ!

ಉಳಿದ 8 ಕೆಜಿ ಬರೀ ಸತ್ತ ತೂಕ. ಎರಡೂ ಸೇರಿಸಿ 8.4. ನಾನು ಕೂತಾಗ ಕಾರು ಸುಮಾರು 1,700 ಕೆಜಿ. ಅಂದ್ರೆ ಇನ್ನೂರರಲ್ಲಿ ಒಂದು ಪಾಲು. 412 ಹಾರ್ಸ್‌ಪವರ್ ಕಾರಿನಲ್ಲಿ ಅದು ಎರಡು ಕುದುರೆಗೆ ಸಮ. ನಿಂತಲ್ಲಿಂದ 100 ಮುಟ್ಟೋಕೆ 5 ಸೆಕೆಂಡ್ ತಗೊಳ್ಳೋ ಕಾರಾದರೆ ಉಳಿಯೋದು ಸೆಕೆಂಡಿನ ನಲವತ್ತರಲ್ಲಿ ಒಂದು ಭಾಗ. ಕಣ್ಣು ಮಿಟುಕಿಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಊರಿಂದ ಬರುವಾಗ ಅಮ್ಮ ತುಂಬಿಸಿ ಕೊಟ್ಟ 23 ಕೆಜಿ ಸೂಟ್‌ಕೇಸ್ ಡಿಕ್ಕಿಯಿಂದ ಇಳಿಸಿದರೆ ಇದರ ಹತ್ತಿರ ಮೂರು ಪಟ್ಟು ಲಾಭ. ಚಟ್ನಿಪುಡಿ ಅಡುಗೆಮನೆಗೆ ಹೋಯ್ತು, ಕಾರು ಓಡ್ತು. ಖರ್ಚು ಸೊನ್ನೆ.

ಭಾಗ 5

"ಇಲ್ಲ ಅಕ್ಕಾ, ತಿರುಗೋ ತೂಕ ಒಂದು ಕೆಜಿ ಕಮ್ಮಿ ಆದ್ರೆ ಹತ್ತು ಕೆಜಿ ಕಮ್ಮಿ ಆದಂಗೆ ಅಂತಾರಲ್ಲ?" ಅಂತಾರೆ. ಯಾವುದು ತಿರುಗುತ್ತೆ, ಎಲ್ಲಿ ತಿರುಗುತ್ತೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ಫ್ಲೈವೀಲ್ ತಗೊಳ್ಳಿ. 8 ಕೆಜಿ, 15 ಸೆಂಟಿಮೀಟರ್ ತ್ರಿಜ್ಯದ ಒಂದು ತಟ್ಟೆ. ಅದು ಗೇರ್‌ಬಾಕ್ಸಿನ ಮುಂದೆ ಇದೆ, ಎಂಜಿನ್ ಜೊತೆ ತಿರುಗುತ್ತೆ. ಫಸ್ಟ್ ಗೇರಲ್ಲಿ ನನ್ನ ಕಾರಿನ ಗೇರ್ ರೇಶಿಯೋ 3.66, ಅದಕ್ಕೆ 3.73 ಗುಣಿಸಿ. ಅದೇ ಲೆಕ್ಕ ಮಾಡಿದರೆ ಆ 8 ಕೆಜಿ ತಟ್ಟೆ ಕಾರಿಗೆ 140 ಕೆಜಿ ಮೀರಿದ ಭಾರ ಅನಿಸುತ್ತೆ. ಇಲ್ಲಿ ಆ ಮಾತು ನಿಜ. ಚಕ್ರದ ರಿಮ್ಮು, ಟಯರು, ಇವೂ ದೊಡ್ಡ ತ್ರಿಜ್ಯದಲ್ಲಿ ತಿರುಗೋವು. ಅಂಚಿನ ಹತ್ತಿರ ಇರೋ ಒಂದು ಕೆಜಿ ಎರಡು ಕೆಜಿ ಹತ್ತಿರ ಅನಿಸುತ್ತೆ, ಹತ್ತಲ್ಲ.

ಶಾಫ್ಟು ಗೇರ್‌ಬಾಕ್ಸಿನ ಹಿಂದೆ ಇದೆ. ಯಾವ ಗೇರಲ್ಲಿದ್ರೂ ಅದರ ಲೆಕ್ಕ ಬದಲಾಗಲ್ಲ. ಜೊತೆಗೆ ಸಣ್ಣ ತ್ರಿಜ್ಯ. ಫ್ಲೈವೀಲ್‌ನ ಮಾತನ್ನ ತಂದು ಶಾಫ್ಟಿಗೆ ಅಂಟಿಸಿ ಮಾರ್ತಾ ಇದ್ದಾರೆ, ಅಷ್ಟೇ.

ಇನ್ನು ಡೈನೋ ಶೀಟು. "ಹಾಕೋ ಮುಂಚೆ ಇಷ್ಟು, ಹಾಕಿದ ಮೇಲೆ 12 ಜಾಸ್ತಿ" ಅಂತ ವಿಡಿಯೋಗಳಿವೆ. ಫೋರ್ತ್ ಗೇರಲ್ಲಿ 2,000ದಿಂದ 7,000 ಆರ್‌ಪಿಎಂಗೆ ಹತ್ತು ಸೆಕೆಂಡಲ್ಲಿ ಏರಿಸ್ತಾರೆ ಅಂತಿಟ್ಕೊಳ್ಳಿ. ಶಾಫ್ಟಿನ ಜಡತ್ವ ಇಳಿದಿದ್ದರಿಂದ ರೋಲರಿಗೆ ಹೆಚ್ಚಿಗೆ ಸಿಗೋದು ತುದಿಯಲ್ಲಿ ಸುಮಾರು ಎಪ್ಪತ್ತೈದು ವಾಟ್. ಒಂದು ಹಾರ್ಸ್‌ಪವರಿನ ಹತ್ತನೇ ಒಂದು ಭಾಗ. ಮನೆ ಮಿಕ್ಸಿಗೂ ಸಾಕಾಗಲ್ಲ. (ರೋಲರ್ ಮೇಲೆ ಕಾರು ಕಟ್ಟಿ ಹಾಕಿರೋದರಿಂದ ಆ 8 ಕೆಜಿ ಸತ್ತ ತೂಕ ಅಲ್ಲಿ ಲೆಕ್ಕಕ್ಕೇ ಬರಲ್ಲ.) ನನ್ನ ಕಾರನ್ನ ಏನೂ ಬದಲಿಸದೆ ಒಂದೇ ಬೆಳಿಗ್ಗೆ ಮೂರು ಸಲ ಡೈನೋ ಮೇಲೆ ಓಡಿಸಿದಾಗ ಮೂರು ಬೇರೆ ಬೇರೆ ನಂಬರ್ ಬಂತು. ಎಂಜಿನ್ ಬಿಸಿ, ಗೇರ್ ಆಯಿಲ್ ಬಿಸಿ, ಕಟ್ಟಿದ ಬೆಲ್ಟಿನ ಬಿಗಿ, ಟಯರ್ ಗಾಳಿ, ಎಲ್ಲದಕ್ಕೂ ನಂಬರ್ ಆಡುತ್ತೆ. ಆ ಆಟದಲ್ಲಿ ಒಳ್ಳೇದೊಂದು ಆರಿಸಿಕೊಂಡು "ಆಫ್ಟರ್" ಅಂತ ಬರೆದರೆ ಆಯ್ತು. ಬೆಟ್ಟ ಅಗೆದು ಇಲಿ ಹಿಡಿದರು ಅಂತ ಗಾದೆ ಇದೆ. ಇಲ್ಲಿ ಇಲಿನೂ ಇಲ್ಲ, ಬಾಲ ಮಾತ್ರ.

ಭಾಗ 6

ಹಾಗಾದ್ರೆ ನಾನು ಖುಷಿಯಾಗಿರೋದು ಯಾಕೆ?

ಫೀಲ್. ನಗಬೇಡಿ, ಇದು ನಿಜವಾದ ವಿಷಯ. ಎರಡು ತುಂಡಿನ ಶಾಫ್ಟಲ್ಲಿ ಮಧ್ಯೆ ಒಂದು ಹೆಚ್ಚುವರಿ ಜಾಯಿಂಟ್, ರಬ್ಬರಲ್ಲಿ ತೂಗಾಡೋ ಬೇರಿಂಗ್. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಎಲ್ಲ ಕಡೆ ಇರೋ ಸಣ್ಣ ಸಣ್ಣ ಸಡಿಲ ಮೊದಲು ತುಂಬಬೇಕು, ಆಮೇಲೆ ಚಕ್ರಕ್ಕೆ ಬಲ ಹೋಗುತ್ತೆ. ಹಳೇ ಗಾಡಿಯಲ್ಲಿ ಅದು "ಟಕ್" ಅಂತ ಕೇಳಿಸುತ್ತೆ. ಸಿಂಗಲ್ ಪೀಸ್ ಹಾಕಿದ ಮೇಲೆ ಫಸ್ಟಿಂದ ಸೆಕೆಂಡಿಗೆ ಹಾಕುವಾಗಿನ ಟಕ್ ಹೋಯ್ತು. ಟ್ರಾಫಿಕ್‌ನಲ್ಲಿ ನಿಧಾನ ಹೋಗುವಾಗಿನ ಜರ್ಕ್ ಕಮ್ಮಿ ಆಯ್ತು. ಕಾಲಿಗೂ ಚಕ್ರಕ್ಕೂ ನಡುವೆ ಇದ್ದ ದಾರ ಎಳೆದು ಕಟ್ಟಿದ ಹಾಗೆ. ವೇಗ ಜಾಸ್ತಿ ಆಗಿಲ್ಲ, ವೇಗ ಆಯ್ತು ಅಂತ ಅನಿಸುತ್ತೆ. ಅರ್ಧಕ್ಕರ್ಧ ಜನ "ಪವರ್ ಬಂತು" ಅಂತ ಬರೆಯೋದು ಇದನ್ನೇ.

ಪ್ರಾಮಾಣಿಕವಾಗಿ ಇನ್ನೊಂದೂ ಹೇಳ್ತೀನಿ: ನನ್ನ ಹಳೇ ಬೇರಿಂಗ್ ಸತ್ತಿತ್ತು. ಸತ್ತ ಬೇರಿಂಗ್ ಹೋಗಿ ಹೊಸದೇನು ಬಂದರೂ ಗಾಡಿ ಚೆನ್ನಾಗೇ ಅನಿಸ್ತಿತ್ತು. ಹೊಸ ಎರಡು ಪೀಸಿನ ಶಾಫ್ಟ್ ಹಾಕಿ ಹೋಲಿಸಿ ನೋಡೋಷ್ಟು ದುಡ್ಡು ನನ್ನ ಹತ್ತಿರ ಇಲ್ಲ.

ಎರಡನೇ ಕಾರಣ ಬಲ. ಸೂಪರ್‌ಚಾರ್ಜರ್ ಹಾಕಿ ಎರಡು ಪಟ್ಟು ಟಾರ್ಕ್ ಕಳಿಸೋರಿಗೆ, ಅಂಟೋ ಟಯರ್ ಹಾಕಿ ಡ್ರ್ಯಾಗ್ ಓಡಿಸೋರಿಗೆ ಕಂಪನಿ ಶಾಫ್ಟಿನ ಜಾಯಿಂಟು ಸಾಕಾಗಲ್ಲ. ಅವರಿಗೆ ದೊಡ್ಡ ಕ್ರಾಸ್ ಇರೋ ಶಾಫ್ಟ್ ಬೇಕೇ ಬೇಕು. ಅದು ಶೋಕಿ ಅಲ್ಲ.

ಭಾಗ 7

ಈಗ ಅಸಲಿ ವಿಷಯ. ಇದನ್ನ ಸ್ಕ್ರಾಲ್ ಮಾಡಿ ದಾಟಬೇಡಿ.

ಸಿಂಗಲ್ ಪೀಸ್ ಅಷ್ಟು ಸರಳ, ಹಗುರ, ಒಂದು ಬೇರಿಂಗ್ ಉಳಿಯುತ್ತೆ ಅಂದ್ರೆ ಕಂಪನಿಯವರು ಯಾಕೆ ಎರಡು ತುಂಡು ಮಾಡಿದ್ರು? ಒಂದೊಂದು ರೂಪಾಯಿಗೂ ಜಗಳ ಆಡೋ ಜನ ಅವರು. ಸುಮ್ಮನೆ ಖರ್ಚು ಮಾಡ್ತಾರಾ?

ನಮ್ಮ ಅಜ್ಜನ ಮನೆ ಮಲೆನಾಡಲ್ಲಿ. ಅಡಿಕೆ ಕೊಯ್ಯೋ ದೋಟಿ ನೋಡಿದ್ದೀರಾ? ಅಷ್ಟುದ್ದದ ದೋಟಿ ಹಿಡಿದು ಒಂಚೂರು ಅಲ್ಲಾಡಿಸಿದರೆ ಮಧ್ಯಭಾಗ ಬಳುಕ್ತಾ ಬಳುಕ್ತಾ ಕೈ ತಪ್ಪಿಸುತ್ತೆ. ಅದನ್ನೇ ಅರ್ಧಕ್ಕೆ ಕತ್ತರಿಸಿ, ಬಳುಕಲ್ಲ. ಉದ್ದದ ಪೈಪಿಗೂ ಹಾಗೆ ತನ್ನದೇ ಆದ ಒಂದು ಬಳುಕು ಇದೆ. ಅದು ತಿರುಗೋ ವೇಗ ಆ ಬಳುಕಿನ ವೇಗಕ್ಕೆ ಸರಿಹೊಂದಿದಾಗ ಪೈಪು ಮಧ್ಯದಲ್ಲಿ ಬಿಲ್ಲಿನ ಹಾಗೆ ಬಾಗಿ, ಸ್ಕಿಪ್ಪಿಂಗ್ ಹಗ್ಗದ ಥರ ಸುತ್ತೋಕೆ ಶುರು ಮಾಡುತ್ತೆ. ಇದಕ್ಕೆ ಕ್ರಿಟಿಕಲ್ ಸ್ಪೀಡ್ ಅಂತ ಓದಿದ್ದೀವಿ, ಹತ್ತು ಮಾರ್ಕ್ಸ್ ಬರೆದು ಮರೆತಿದ್ದೀವಿ. ಉದ್ದ ಎರಡು ಪಟ್ಟು ಆದರೆ ಕ್ರಿಟಿಕಲ್ ಸ್ಪೀಡ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಎರಡು ತುಂಡು ಮಾಡಿದ್ದರ ಗುಟ್ಟು ಇದು.

ಒಂದೂವರೆ ಮೀಟರ್ ಉದ್ದದ ಪೈಪು ತಗೊಳ್ಳಿ. ಮೂರು ಇಂಚಿನ ಪೈಪಾದರೆ ಪುಸ್ತಕದ ಲೆಕ್ಕದಲ್ಲಿ ಸುಮಾರು 5,500 ಆರ್‌ಪಿಎಂ. ಮೂರೂವರೆ ಇಂಚಿಗೆ 6,400. ನಾಲ್ಕು ಇಂಚಿಗೆ 7,300 ಮೇಲೆ. ನಿಜವಾದ ಗಾಡಿಯಲ್ಲಿ ಜಾಯಿಂಟು, ಗೇರ್‌ಬಾಕ್ಸಿನ ಬಾಲ ಎಲ್ಲ ಸ್ವಲ್ಪ ಬಗ್ಗೋದರಿಂದ ಇನ್ನೂ ಕಮ್ಮಿ. ಅದರ ಮುಕ್ಕಾಲು ಭಾಗ ದಾಟಬಾರದು ಅನ್ನೋದು ರೂಢಿ.

ನನಗೆ ತುಂಬಾ ಇಷ್ಟವಾದ ಒಂದು ವಿಷಯ ಕೇಳಿ. ಈ ಲೆಕ್ಕದಲ್ಲಿ ಸ್ಟೀಲು, ಅಲ್ಯೂಮಿನಿಯಂ ಎರಡೂ ಒಂದೇ! ಅಲ್ಯೂಮಿನಿಯಂ ತೂಕ ಮೂರನೇ ಒಂದು ಭಾಗ, ಗಡಸುತನವೂ ಮೂರನೇ ಒಂದು ಭಾಗ. ಭಾಗಿಸಿದರೆ ಹೊಡೆದುಹೋಗುತ್ತೆ. ಅಲ್ಯೂಮಿನಿಯಂ ಗೆಲ್ಲೋದು ಅದು ಹಗುರ ಆಗಿರೋದರಿಂದ ಪೈಪನ್ನ ದಪ್ಪ ಮಾಡಬಹುದು ಅನ್ನೋ ಒಂದೇ ಕಾರಣಕ್ಕೆ. ಹಾಗಾಗಿ "ಅಲ್ಯೂಮಿನಿಯಂ ಅಲ್ವಾ, ಸೇಫು" ಅನ್ನೋ ಮಾತಿಗೆ ಅರ್ಥ ಇಲ್ಲ. ದಪ್ಪ ಎಷ್ಟು, ಉದ್ದ ಎಷ್ಟು ಅಂತ ಕೇಳಿ.

ಶಾಫ್ಟ್ ನಿಜವಾಗಿ ಎಷ್ಟು ಜೋರಾಗಿ ತಿರುಗುತ್ತೆ? 120 ಕಿಮೀ ವೇಗದಲ್ಲಿ ನನ್ನ ಕಾರಿನದು 3,500. 200ರಲ್ಲಿ 5,800. 250ರಲ್ಲಿ 7,200 ದಾಟುತ್ತೆ. ಎಂಜಿನ್ ಮೀಟರ್ ನೋಡಿ ಮೋಸ ಹೋಗಬೇಡಿ, ಓವರ್‌ಡ್ರೈವ್ ಗೇರಲ್ಲಿ ಶಾಫ್ಟು ಎಂಜಿನ್‌ಗಿಂತ ಜೋರಾಗಿ ತಿರುಗ್ತಿರುತ್ತೆ. ಡಿಫರೆನ್ಶಿಯಲ್ ರೇಶಿಯೋ ಏರಿಸಿದಷ್ಟೂ ಶಾಫ್ಟಿನ ವೇಗವೂ ಏರುತ್ತೆ. ಮೊದಲು ರೇಶಿಯೋ ಏರಿಸಿ, ಆಮೇಲೆ ಉದ್ದ ಶಾಫ್ಟ್ ಹಾಕಿಸೋರು ಎರಡೂ ಕಡೆಯಿಂದ ಅಪಾಯಕ್ಕೆ ಹತ್ತಿರ ಹೋಗ್ತಾರೆ.

ಭಾಗ 8

ಫ್ಯಾಕ್ಟರಿಯವರೇ ಸಿಂಗಲ್ ಪೀಸ್ ಹಾಕಿದ ಉದಾಹರಣೆಗಳಿವೆ. ಅವು ಹೇಗಿವೆ ನೋಡಿ.

2013ರ ಶೆಲ್ಬಿ ಜಿಟಿ500. ನನ್ನ ಕಾರಿನ ಅದೇ ಬಾಡಿ, 662 ಹಾರ್ಸ್‌ಪವರ್, ಗಂಟೆಗೆ 200 ಮೈಲಿ ಅಂದ್ರೆ 320 ಕಿಮೀ ಗುರಿ. ಫೋರ್ಡ್ ಅದಕ್ಕೆ ಹಾಕಿದ್ದು ಕಾರ್ಬನ್ ಫೈಬರಿನ ಒಂದೇ ಪೀಸ್ ಶಾಫ್ಟು. ಜೊತೆಗೆ ರೇಶಿಯೋವನ್ನ 3.31ಕ್ಕೆ ಇಳಿಸಿದರು. ಪವರ್ ಕಾರಿನಲ್ಲಿ ರೇಶಿಯೋ ಏರಿಸಬೇಕಲ್ವಾ ಅಂತ ಅನಿಸಬಹುದು. ಆ ವೇಗದಲ್ಲಿ ಎಂಜಿನ್‌ಗೂ ಶಾಫ್ಟಿಗೂ ಉಸಿರಾಡೋಕೆ ಜಾಗ ಬೇಕು.

ನಿಸ್ಸಾನ್ 350ಝಡ್‌ನಲ್ಲೂ ಕಾರ್ಬನ್ ಶಾಫ್ಟ್ ಇತ್ತು. 2014ರಲ್ಲಿ ಬಂದ ಬಿಎಂಡಬ್ಲ್ಯು ಎಂ3, ಎಂ4ಗಳಲ್ಲೂ ಕಾರ್ಬನ್ ಸಿಂಗಲ್ ಪೀಸ್, ಸೆಂಟರ್ ಬೇರಿಂಗ್ ಇಲ್ಲ, ಹಿಂದಿನ ಮಾಡೆಲ್‌ಗಿಂತ ಶಾಫ್ಟ್ ತೂಕ ಶೇ. 40 ಕಮ್ಮಿ. ಕಾರ್ಬನ್‌ನಲ್ಲಿ ತೂಕಕ್ಕೆ ಹೋಲಿಸಿದರೆ ಗಡಸುತನ ತುಂಬಾ ಜಾಸ್ತಿ, ಸ್ಟೀಲ್, ಅಲ್ಯೂಮಿನಿಯಂ ಎರಡನ್ನೂ ಮೀರಿಸುತ್ತೆ. ಆದರೆ ಆ ಎಂ ಕಾರುಗಳ ಕತೆ ಅಲ್ಲಿಗೆ ಮುಗಿಯಲ್ಲ. 2017ರ ಕೊನೆಗೆ ಬಿಎಂಡಬ್ಲ್ಯು ಅದನ್ನ ತೆಗೆದು ವಾಪಸ್ ಸ್ಟೀಲಿಗೆ ಹೋಯ್ತು. ಯಾಕೆ ಗೊತ್ತಾ? ಕಾರ್ಬನ್ ಪೈಪು ದಪ್ಪ. ಹೊಸ ಹೊಗೆ ನಿಯಮಕ್ಕೆ ಬೇಕಾದ ಫಿಲ್ಟರ್ ಕೂರಿಸೋಕೆ ಕಾರಿನ ಕೆಳಗೆ ಜಾಗ ಸಾಲಲಿಲ್ಲ. ಮತ್ತೆ ಅದೇ ದಪ್ಪದ ಪ್ರಶ್ನೆ. ಶಾಫ್ಟ್ ಹಗುರ ಆಗಿದ್ದರಿಂದ ಕಾರಿಗೆ ಅಷ್ಟೊಂದು ಪವರ್ ಬರ್ತಿತ್ತು ಅಂದ್ರೆ ಅವರು ಅಷ್ಟು ಸುಲಭವಾಗಿ ಬಿಡ್ತಿದ್ರಾ, ನೀವೇ ಯೋಚನೆ ಮಾಡಿ.

ಭಾಗ 9

ನನ್ನ ಸ್ವಂತ ಪಾಡು ಸ್ವಲ್ಪ. ಹೊಸ ಶಾಫ್ಟ್ ಹಾಕಿ ಖುಷಿಯಿಂದ ಹೈವೇಗೆ ಹೋದೆ. ಗಂಟೆಗೆ 70 ಮೈಲಿ ದಾಟಿದ ಕೂಡಲೇ ಸೀಟು ಜುಂ ಅಂತ ನಡುಗೋಕೆ ಶುರು. ಕಪ್ ಹೋಲ್ಡರಲ್ಲಿದ್ದ ಕಾಫಿ ಮೇಲೆ ಉಂಗುರ ಉಂಗುರ ಅಲೆ. ಶಾಫ್ಟೇ ಸರಿ ಇಲ್ಲ ಅಂತ ಬೈಕೊಂಡೆ.

ತಪ್ಪು ಶಾಫ್ಟಿಂದಲ್ಲ. ಹಿಂದಿನ ಓನರ್ ಸ್ಪ್ರಿಂಗ್ ಬದಲಿಸಿ ಕಾರನ್ನ ಕೆಳಗಿಳಿಸಿದ್ದ. ಇಳಿಸಿದಾಗ ಹಿಂದಿನ ಆಕ್ಸೆಲ್ಲಿನ ಮೂತಿಯ ಕೋನ ಬದಲಾಗಿತ್ತು. ಕ್ರಾಸ್ ಇರೋ ಜಾಯಿಂಟು ಕೋನದಲ್ಲಿ ತಿರುಗುವಾಗ ಒಂದೇ ಸಮನೆ ತಿರುಗಲ್ಲ. ಒಂದು ಸುತ್ತಿಗೆ ಎರಡು ಸಲ ಜೋರು, ಎರಡು ಸಲ ನಿಧಾನ ಆಗುತ್ತೆ. ಮುಂದಿನ ಜಾಯಿಂಟಿನ ಏರುಪೇರನ್ನ ಹಿಂದಿನ ಜಾಯಿಂಟ್ ಸರಿಮಾಡಬೇಕು ಅಂದ್ರೆ ಎರಡೂ ಕಡೆ ಕೋನ ಸಮ ಇರಬೇಕು. ಕಂಪನಿಯ ಶಾಫ್ಟು, ರಬ್ಬರು ಎಲ್ಲ ಸೇರಿ ಆ ತಪ್ಪನ್ನ ಮುಚ್ಚಿಟ್ಟಿದ್ದವು. ಸಿಂಗಲ್ ಪೀಸ್ ಬಂದು ಎಲ್ಲ ಬಯಲು ಮಾಡ್ತು. ಕೋನ ಹೊಂದಿಸೋಕೆ ಅಡ್ಜಸ್ಟ್ ಮಾಡಬಹುದಾದ ಮೇಲಿನ ಆರ್ಮ್ ತಗೋಬೇಕಾಯ್ತು. ಅದಕ್ಕೆ ಇನ್ನೂ 200 ಡಾಲರ್, ಎರಡು ವೀಕೆಂಡು. ಮೂಗಿಗಿಂತ ಮೂಗುತಿ ಭಾರ ಅಂತ ಅಮ್ಮ ಹೇಳೋದು ಇಂಥದಕ್ಕೇ. ಕೋನ ಸರಿ ಆದ ಮೇಲೂ ಹೈವೇಯಲ್ಲಿ ಸಣ್ಣದೊಂದು ಗುಂಯ್ ಉಳಿದಿದೆ. ಅಲ್ಯೂಮಿನಿಯಂ ಪೈಪು ಗಂಟೆ ಥರ, ಡಿಫರೆನ್ಶಿಯಲ್ಲಿನ ಸದ್ದನ್ನ ಒಳಗೆ ತರುತ್ತೆ. ನನಗೆ ಓಕೆ, ನನ್ನ ರೂಮ್‌ಮೇಟಿಗೆ ಅಲ್ಲ.

ಬ್ಯಾಲೆನ್ಸ್ ಬಗ್ಗೆ ಒಂದೇ ಒಂದು ಲೆಕ್ಕ. ಪೈಪಿನ ಒಂದು ಬದಿಗೆ ವೆಲ್ಡಿಂಗ್ ಹತ್ತು ಗ್ರಾಂ ಜಾಸ್ತಿ ಆಯ್ತು ಅಂತಿಟ್ಕೊಳ್ಳಿ. ಮಧ್ಯದಿಂದ 4 ಸೆಂಟಿಮೀಟರ್ ದೂರ, 6,000 ಆರ್‌ಪಿಎಂ. ಆ ಹತ್ತು ಗ್ರಾಂ ಶಾಫ್ಟನ್ನ 16 ಕೆಜಿ ಭಾರದಷ್ಟು ಬಲದಿಂದ ಹೊರಗೆ ಎಳೆಯುತ್ತೆ, ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸ್ತಾ.

ಭಾಗ 10

ಈಗ ಜೂನಿಯರ್‌ಗೆ ಬರೆದ ಉತ್ತರ. ಅವನ ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ.

ತಮ್ಮಾ, ನಿನ್ನ ಶಾಫ್ಟಿನ ಪೈಪು ಆರು ಸೆಂಟಿಮೀಟರ್ ದಪ್ಪ, ಒಟ್ಟು ಒಂದೂವರೆ ಮೀಟರ್ ಉದ್ದ ಅಂತ ನೀನೇ ಅಳೆದು ಹೇಳಿದ್ದೀಯ. ಅದೇ ದಪ್ಪದ ಒಂದೇ ಪೈಪ್ ಹಾಕಿದರೆ ಪುಸ್ತಕದ ಲೆಕ್ಕದಲ್ಲೇ ಕ್ರಿಟಿಕಲ್ ಸ್ಪೀಡ್ 4,500 ಆರ್‌ಪಿಎಂ ಮುಟ್ಟಲ್ಲ. ಮುಕ್ಕಾಲು ಭಾಗ ಅಂದ್ರೆ 3,300 ಚಿಲ್ಲರೆ. ನಿನ್ನ ರೇಶಿಯೋ ಸುಮಾರು 3 ಅಂದ್ಕೊಂಡರೂ 135 ಕಿಮೀ ವೇಗದಲ್ಲಿ ಅಲ್ಲಿಗೆ ತಲುಪ್ತೀಯ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100 ಅಂತ ನನಗೂ ಗೊತ್ತು, ನೀನು 100ರಲ್ಲಿ ಹೋಗೋಕೆ ಆ ಕಾರು ತಗೊಂಡಿಲ್ಲ ಅಂತಲೂ ಗೊತ್ತು. ದಪ್ಪ ಪೈಪ್ ಹಾಕ್ಸೋಣ ಅಂದ್ರೆ ಟನೆಲ್ ಒಳಗೆ ಎಕ್ಸಾಸ್ಟು, ಹೀಟ್ ಶೀಲ್ಡು ಇವೆ, ಜಾಗ ಇಲ್ಲ.

ಲೇತ್‌ನವರಿಗೆ ನಾಲ್ಕು ಪ್ರಶ್ನೆ ಕೇಳು ಅಂದೆ. ಪೈಪು ಯಾವುದು, ಗೋಡೆ ದಪ್ಪ ಎಷ್ಟು? ಎರಡು ತುದಿಯ ಯೋಕ್ ಒಂದೇ ನೇರಕ್ಕೆ ಹೇಗೆ ಹಿಡೀತೀರಾ? ಯಾವ ಆರ್‌ಪಿಎಂನಲ್ಲಿ ಬ್ಯಾಲೆನ್ಸ್ ಮಾಡ್ತೀರಾ? ಆಕ್ಸೆಲ್ ಆಡಿದಾಗ ಉದ್ದ ಹೆಚ್ಚುಕಮ್ಮಿ ಆಗೋಕೆ ಜಾಗ ಎಲ್ಲಿದೆ? ಅವರ ಉತ್ತರ: "ಟ್ರ್ಯಾಕ್ಟರ್‌ದು ಎಷ್ಟೋ ಮಾಡಿದ್ದೀವಿ ಸಾರ್, ಏನೂ ಆಗಲ್ಲ." ಟ್ರ್ಯಾಕ್ಟರಿನ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗೋದು. ಅವರು ಕೆಟ್ಟವರಲ್ಲ, ಅವರ ಕೆಲಸ ಆ 540ಕ್ಕೆ ಸರಿ.

ಶಾಫ್ಟು ಇರೋದು ನಿನ್ನ ಎಡ ಮೊಣಕಾಲಿನ ಪಕ್ಕ ಕಣೋ, ನಿನಗೂ ಪಕ್ಕದ ಸೀಟಲ್ಲಿ ಕೂತವರಿಗೂ ಮಧ್ಯೆ ತೆಳು ತಗಡಿನ ಕೆಳಗೆ. ಮುಂದಿನ ಜಾಯಿಂಟ್ ಕಳಚಿದರೆ ತುದಿ ರಸ್ತೆಗೆ ಬಿದ್ದು ಊರುಗೋಲಿನ ಹಾಗೆ ಗಾಡಿಯನ್ನೇ ಎತ್ತಬಹುದು. ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಹೆಚ್‌ಆರ್‌ಎ ಜೋರಾಗಿ ಓಡೋ ಕಾರುಗಳಿಗೆ ಶಾಫ್ಟ್ ಸುತ್ತ ಸ್ಟೀಲ್ ಬಳೆ ಕಡ್ಡಾಯ ಮಾಡಿದೆ. ಕಾಲು ಇಂಚು ದಪ್ಪ, ಎರಡು ಇಂಚು ಅಗಲ, ಮುಂದಿನ ಜಾಯಿಂಟಿನಿಂದ ಆರು ಇಂಚಿನೊಳಗೆ. ಸುಮ್ಮನೆ ಮಾಡಿದ ನಿಯಮ ಅಲ್ಲ. ಆಟೋಮ್ಯಾಟಿಕ್ ಗಾಡಿ ಇರೋರಿಗೆ ಇನ್ನೊಂದು: ಶಾಫ್ಟ್ ಮುರಿದ ಮೇಲೆ ಗೇರ್ ಪಾರ್ಕ್‌ಗೆ ಹಾಕಿದರೂ ಗಾಡಿ ನಿಲ್ಲಲ್ಲ, ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧವೇ ಹೋಗಿರುತ್ತೆ. ಹ್ಯಾಂಡ್‌ಬ್ರೇಕ್ ಎಳೀರಿ, ಚಕ್ರಕ್ಕೆ ಕಲ್ಲು ಕೊಡಿ.

ಅವನು ಎರಡು ದಿನ ಉತ್ತರ ಕೊಡಲಿಲ್ಲ. ಬೇಜಾರಾಯ್ತೇನೋ ಅಂದ್ಕೊಂಡೆ. ನಿನ್ನೆ ರಾತ್ರಿ ಫೋಟೋ ಬಂತು: ಹೊಸ ಸೆಂಟರ್ ಬೇರಿಂಗು, ಹೊಸ ರಬ್ಬರ್ ಕಪ್ಲಿಂಗು, ಎರಡು ತುಂಡಿನ ಮೇಲೂ ಬಿಚ್ಚೋ ಮುಂಚೆ ಬಿಳಿ ಪೇಂಟಲ್ಲಿ ಎಳೆದ ಗುರುತು. ಆ ಗುರುತು ನೋಡಿ ನನಗೆ ಸಮಾಧಾನ ಆಯ್ತು. ಬಿಚ್ಚಿದ ಹಾಗೇ ಅದೇ ನೇರಕ್ಕೆ ಜೋಡಿಸದಿದ್ದರೆ ಹೊಸ ಬೇರಿಂಗ್ ಹಾಕಿದರೂ ನಡುಕ ಹೋಗಲ್ಲ. ಬೇರಿಂಗು, ಕಪ್ಲಿಂಗು, ಬ್ಯಾಲೆನ್ಸಿಂಗು ಎಲ್ಲ ಸೇರಿ 15 ಸಾವಿರದೊಳಗೇ ಮುಗೀತಂತೆ. ಲೇತ್‌ಗೆ ಕೊಟ್ಟಿದ್ದ 3 ಸಾವಿರ ಅಡ್ವಾನ್ಸ್ ವಾಪಸ್ ಬಂದಿಲ್ಲ. ಅದನ್ನ ನಾನು ಕೊಡ್ತೀನಿ ಅಂದೆ, ಫೋಟೋ ಹಾಕಿದ ತಪ್ಪಿಗೆ. ಬೇಡ ಅಂದ.

ಕೆಳಗೆ ಇನ್ನೊಂದು ಮೆಸೇಜ್ ಇತ್ತು: "ಅಕ್ಕಾ, ಹಾಗಾದ್ರೆ ಫ್ಲೈವೀಲ್ ಹಗುರ ಮಾಡಿಸ್ಲಾ? 140 ಕೆಜಿ ಅಂದ್ರಲ್ಲ."

ಇನ್ನೂ ಉತ್ತರ ಕೊಟ್ಟಿಲ್ಲ.

#ಪ್ರೊಪೆಲ್ಲರ್‌ಶಾಫ್ಟ್ #ಮೆಕ್ಯಾನಿಕಲ್‌ಬ್ಯಾಚ್ #ಲೆಕ್ಕಹಾಕಿಖರ್ಚುಮಾಡಿ